ಬೆಳೆದ ಊರು, ಬರೆದ ಊರು

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದೊಳಗೆ ಇರುವುದು ತುಂಗೆಯ ದಂಡೆಯ ಒಂದು ಅಗ್ರಹಾರ, ಅದರ ಬೆನ್ನಿಗಿರುವ ಕಾಡು, ಮಲೆನಾಡಿನ ಒಂದು ರಥೋತ್ಸವ. ಅವರು ಆ ಕಾದಂಬರಿಯನ್ನು ಬರೆದದ್ದು ಮಾತ್ರ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಪಿಎಚ್.ಡಿ.ಗೆಂದು ಹೋಗಿದ್ದ ದಿನಗಳಲ್ಲಿ. ತಮ್ಮ ಅಧ್ಯಾಪಕರಾಗಿದ್ದ ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ಒಮ್ಮೆ ಇಂಗ್ಮಾರ್ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ ನೋಡಿದ್ದನ್ನು ಅನಂತಮೂರ್ತಿಯವರು ಹಲವು ಕಡೆ ನೆನಪಿಸಿಕೊಂಡಿದ್ದಾರೆ. ಅದು ಸ್ವೀಡಿಷ್ ಭಾಷೆಯ ಚಿತ್ರ, ತೆರೆಯ ಮೇಲೆ ಅಡಿಬರಹ ಕೂಡ ಇರಲಿಲ್ಲ. ಪ್ಲೇಗಿನ ಕಾಲದ ಮಧ್ಯಯುಗದ ಯುರೋಪನ್ನು ನೋಡುತ್ತ ಅವರಿಗೆ ಹೊಳೆದದ್ದು, ಯುರೋಪಿನವರು ಓದಿ ತಿಳಿದು ಕಟ್ಟಿಕೊಳ್ಳಬೇಕಾದ ಆ ಹಳೆಯ ಕಾಲ ತನ್ನ ಊರಿನಲ್ಲಿ ಇನ್ನೂ ಉಸಿರಾಡುತ್ತಿದೆ ಎಂಬುದು. 1965ರಲ್ಲಿ ಪ್ರಕಟವಾದ ಆ ಕಾದಂಬರಿಗೆ ಹೀಗೆ ಎರಡು ಊರುಗಳಿವೆ: ಲೇಖಕ ಹುಟ್ಟಿ ಬೆಳೆದ ತೀರ್ಥಹಳ್ಳಿ ಸೀಮೆ, ಮತ್ತು ಆ ಸೀಮೆಯನ್ನು ನೆನೆಯುತ್ತ ಕುಳಿತ ಪರದೇಶದ ಒಂದು ಕೈಗಾರಿಕಾ ನಗರ.

ಕಾದಂಬರಿಕಾರರು ಬಾಳಿದ ಜಾಗ ಅವರ ಬರವಣಿಗೆಯನ್ನು ರೂಪಿಸುತ್ತದೆ ಎಂಬ ಮಾತನ್ನು ನಾವೆಲ್ಲ ಸುಲಭವಾಗಿ ಒಪ್ಪುತ್ತೇವೆ. ಒಪ್ಪಿದ ಮೇಲೆ ಸಾಮಾನ್ಯವಾಗಿ ಕೊಡುವ ಉದಾಹರಣೆಗಳು ಸೂರ್ಯೋದಯ, ಮಳೆ, ಬೆಟ್ಟದ ಸಾಲು, ಕಡಲ ಮೊರೆತ. ಈ ವರ್ಣನೆಗಳು ಸುಳ್ಳಲ್ಲ, ಆದರೆ ಅವು ಮೇಲ್ಪದರದವು. ಎರಡು ದಿನದ ಪ್ರವಾಸಕ್ಕೆ ಬಂದವರೂ ಅವನ್ನು ಬರೆಯಬಲ್ಲರು. ಊರು ಒಬ್ಬ ಕಾದಂಬರಿಕಾರನಿಗೆ ಕೊಡುವ ದೊಡ್ಡ ಸಂಪತ್ತು ಬೇರೆ ಕಡೆ ಇದೆ. ಅಲ್ಲಿನ ಮನೆಗಳು ಒಂದಕ್ಕೊಂದು ಎಷ್ಟು ದೂರದಲ್ಲಿವೆ, ಸುದ್ದಿ ಒಬ್ಬರಿಂದ ಇನ್ನೊಬ್ಬರಿಗೆ ತಲುಪುವುದು ಹೇಗೆ, ಜನ ಯಾವ ತಿಂಗಳಲ್ಲಿ ಯಾವ ಕೆಲಸಕ್ಕೆ ಒಟ್ಟು ಸೇರುತ್ತಾರೆ, ಯಾವ ವಸ್ತುವಿಗೆ ಎಷ್ಟು ಹೆಸರುಗಳಿವೆ ಎಂಬಂಥ ಸಂಗತಿಗಳಲ್ಲಿ ಅದು ಅಡಗಿದೆ. ಕಥೆಯ ನಡಿಗೆಯನ್ನು ನಿರ್ಧರಿಸುವುದು ಇವೇ. ಇದನ್ನು ಒಂದೆರಡು ಕಾದಂಬರಿಗಳೊಳಗೆ ಇಳಿದು ನೋಡಿದರೆ ಸ್ಪಷ್ಟವಾಗುತ್ತದೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನೇ ತೆಗೆದುಕೊಳ್ಳಿ. ಇದರಲ್ಲಿ ಜನ ಎಷ್ಟು ನಡೆಯುತ್ತಾರೆ ಎಂಬುದನ್ನು ಗಮನವಿಟ್ಟು ಓದಿದವರಿಗೆ ಆಶ್ಚರ್ಯವಾಗದೆ ಇರದು. ಸಿಂಬಾವಿಯ ಜೀತದಾಳು ಗುತ್ತಿ ತನ್ನ ನಾಯಿ ಹುಲಿಯನೊಂದಿಗೆ ಕಾಡುದಾರಿಯಲ್ಲಿ ಸಾಗುತ್ತಾನೆ. ಬೆಟ್ಟಳ್ಳಿಯ ತಿಮ್ಮಿಯನ್ನು ಮದುವೆಯಾಗುವ ಹಂಬಲ ಅವನನ್ನು ಎಳೆಯುತ್ತಿರುತ್ತದೆ. ಅವನು ಹೋಗುವ ದಾರಿಯುದ್ದಕ್ಕೂ ಒಂದೊಂದು ಮನೆ, ಒಂದೊಂದು ಕೇರಿ, ಒಂದೊಂದು ಸಂಸಾರದ ಸಂಕಟ ತೆರೆದುಕೊಳ್ಳುತ್ತ ಹೋಗುತ್ತದೆ. ಇದನ್ನು ಲೇಖಕರ ತಂತ್ರಗಾರಿಕೆ ಎಂದಷ್ಟೇ ಹೇಳಿ ಮುಗಿಸಿದರೆ ವಿಷಯದ ಅರ್ಧ ಮಾತ್ರ ಹೇಳಿದಂತೆ. ಮಲೆನಾಡಿನಲ್ಲಿ ಊರು ಎಂದರೆ ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ತಾಗಿದ ಮನೆಗಳ ಗುಂಪಲ್ಲ. ಗದ್ದೆಯ ಕೋಗಿಗೊಂದು, ತೋಟದ ಕಣಿವೆಗೊಂದು ಎಂಬಂತೆ ಒಂಟಿಮನೆಗಳು, ಅವುಗಳ ನಡುವೆ ಕಾಡು. ಪಕ್ಕದ ಮನೆಗೆ ಒಂದು ಮಾತು ಮುಟ್ಟಬೇಕಾದರೂ ಒಬ್ಬರು ಹೊರಟು ಗುಡ್ಡ ಹತ್ತಿ ಇಳಿಯಬೇಕು, ದಾರಿಯಲ್ಲಿ ಕತ್ತಲಾಗಬಹುದು, ಮಳೆ ಹಿಡಿಯಬಹುದು, ಪ್ರಾಣಿ ಎದುರಾಗಬಹುದು, ಸೇರಬೇಕಾದ ಮನೆ ಬಿಟ್ಟು ಇನ್ಯಾರದೋ ಮನೆಯ ಜಗಲಿಯಲ್ಲಿ ರಾತ್ರಿ ಕಳೆಯಬೇಕಾಗಬಹುದು. ಸುದ್ದಿಗೂ ಅದು ತಲುಪುವುದಕ್ಕೂ ನಡುವಿನ ಈ ಅವಕಾಶದಲ್ಲೇ ಆ ಕಾದಂಬರಿಯ ಘಟನೆಗಳು ಬೆಳೆಯುತ್ತವೆ. ಅದೇ ಕಥೆಯನ್ನು ಕೋಲಾರದ ಒಂದು ಹಳ್ಳಿಗೆ ತಂದಿಟ್ಟರೆ ಗುತ್ತಿಗೆ ನಡೆಯಲು ದಾರಿಯೇ ಉಳಿಯುವುದಿಲ್ಲ.

ಹಾಗೆಂದು ಕುವೆಂಪು ಮಲೆನಾಡಿನ ಮನೆಯಲ್ಲಿ ಕುಳಿತು ಅದನ್ನು ಬರೆಯಲಿಲ್ಲ. 1904ರಲ್ಲಿ ಹುಟ್ಟಿ, ಕುಪ್ಪಳಿಯಲ್ಲಿ ಬೆಳೆದು, ಓದಿಗಾಗಿ ಮೈಸೂರು ಸೇರಿದ ಅವರು ಬಾಳಿನ ಬಹುಭಾಗವನ್ನು ಅಲ್ಲೇ ಕಳೆದರು. 1936ರಲ್ಲಿ ಪ್ರಕಟವಾದ ಮೊದಲ ಕಾದಂಬರಿ, ‘ಕಾನೂರು ಹೆಗ್ಗಡಿತಿ’ ಎಂದು ನಾವು ಕರೆಯುವ ಕೃತಿ, ಅವರು ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತ ರಾಮಕೃಷ್ಣ ಆಶ್ರಮದಲ್ಲಿ ವಾಸವಾಗಿದ್ದ ವರ್ಷಗಳದ್ದು. ಆ ಕಾದಂಬರಿಯ ಹೂವಯ್ಯನೂ ಮೈಸೂರಿನಲ್ಲಿ ಓದಿ ಮಲೆನಾಡಿನ ಮನೆಗೆ ಮರಳುವ ತರುಣ. ಪುಸ್ತಕದ ಬೆಳಕನ್ನು ಕಣ್ಣಲ್ಲಿ ತುಂಬಿಕೊಂಡು ಬಂದು ಹಳೆಯ ಗೌಡಿಕೆಯ ಮನೆಯನ್ನು ನೋಡುವವನು. ಅಂದರೆ ಬರೆದ ಊರಾದ ಮೈಸೂರು ಕಾದಂಬರಿಯ ಹೊರಗೆ ನಿಂತಿಲ್ಲ, ಹೂವಯ್ಯನ ನೋಟವಾಗಿ ಒಳಗೆ ಬಂದು ಕುಳಿತಿದೆ. ಎರಡನೆಯ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ, ಮೊದಲನೆಯದು ಬಂದ 31 ವರ್ಷಗಳ ಮೇಲೆ. ಅಷ್ಟರಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ನಿವೃತ್ತರೂ ಆಗಿದ್ದರು. ಈ ಸಲ ಮೈಸೂರಿನಿಂದ ಓದಿ ಬರುವ ನಾಯಕನಿಲ್ಲ. ಕಥೆಯ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ವಿವೇಕಾನಂದರು 1893ರಲ್ಲಿ ಷಿಕಾಗೊದಲ್ಲಿ ಮಾತನಾಡಿದ ಸಂಗತಿ ಕಾದಂಬರಿಯೊಳಗೆ ಬರುತ್ತದೆ. ಊರಿನಿಂದ ದೂರವಾಗಿ ಉಳಿದ ವರ್ಷಗಳು ಹೆಚ್ಚಾದಷ್ಟೂ ಲೇಖಕ ಆ ಊರಿನ ಇನ್ನೂ ಹಿಂದಿನ ಕಾಲಕ್ಕೆ, ತಾನು ಹುಟ್ಟುವುದಕ್ಕೂ ಮುಂಚಿನ ದಿನಗಳಿಗೆ ಇಳಿದಿದ್ದಾರೆ. ಇದು ಆಕಸ್ಮಿಕವಲ್ಲವೆಂದು ನನ್ನ ಭಾವನೆ.

ಮನೆಗಳ ಅಂತರ ಕಥೆಯನ್ನು ಹೇಗೆ ಕಟ್ಟುತ್ತದೆ ಎಂಬುದಕ್ಕೆ ‘ಸಂಸ್ಕಾರ’ ಇದೇ ತೀರ್ಥಹಳ್ಳಿ ಸೀಮೆಯ ಇನ್ನೊಂದು ತುದಿಯ ಉದಾಹರಣೆ. ಅಗ್ರಹಾರವೆಂದರೆ ಎದುರುಬದುರು ಮನೆಗಳ ಸಾಲು, ನಡುವೆ ಒಂದು ಬೀದಿ. ಒಬ್ಬರ ಒಲೆ ಹೊತ್ತಿದ್ದು, ಒಬ್ಬರು ಮಡಿ ಬಿಟ್ಟದ್ದು, ಒಬ್ಬರ ಮನೆಗೆ ಬಂದ ಅತಿಥಿ ಯಾರೆಂಬುದು ಉಳಿದವರಿಗೆ ಗೊತ್ತಾಗದೆ ಇರಲು ಸಾಧ್ಯವಿಲ್ಲ. ಆ ಬೀದಿಯ ಒಂದು ಮನೆಯಲ್ಲಿ, ಬ್ರಾಹ್ಮಣ್ಯದ ಕಟ್ಟಳೆಗಳನ್ನೆಲ್ಲ ಮುರಿದು ಬಾಳಿದ ನಾರಣಪ್ಪ ಸಾಯುತ್ತಾನೆ. ಹೆಣ ಎತ್ತುವವರೆಗೆ ಯಾರೂ ಊಟ ಮಾಡುವಂತಿಲ್ಲ, ಎತ್ತುವ ಅಧಿಕಾರ ಯಾರದೆಂದು ತೀರ್ಮಾನವಾಗುವುದಿಲ್ಲ. ಹಸಿವು ಏರುತ್ತದೆ, ಹೆಣ ಕೊಳೆಯುತ್ತದೆ, ಪ್ಲೇಗಿಗೆ ಇಲಿಗಳು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ. ಧರ್ಮಶಾಸ್ತ್ರದ ಒಂದು ಅಮೂರ್ತ ಪ್ರಶ್ನೆಗೆ ಹೊಟ್ಟೆಯ ಒತ್ತಡ, ಗಂಟೆಗಳ ಲೆಕ್ಕ ಬರುವುದು ಅಗ್ರಹಾರದ ಆ ಇಕ್ಕಟ್ಟಿನಿಂದಾಗಿ. ಒಂಟಿಮನೆಯಲ್ಲಿ ನಡೆದಿದ್ದರೆ ಅದೇ ಸಾವು ಆ ಮನೆಯ ಕಷ್ಟವಾಗಿ ಉಳಿಯುತ್ತಿತ್ತು. ಬೀದಿಯಲ್ಲಿ ನಡೆದದ್ದರಿಂದ ಇಡೀ ಸಮುದಾಯದ ಪರೀಕ್ಷೆಯಾಯಿತು. ಒಂದೇ ತಾಲ್ಲೂಕು, ಒಂದೇ ಮಳೆ, ಒಂದೇ ಹೊಳೆ; ಆದರೂ ವಸತಿಯ ಬಗೆ ಬೇರೆಯಾದ್ದರಿಂದ ಎರಡು ಬೇರೆ ಬೇರೆ ಸ್ವಭಾವದ ಕಾದಂಬರಿಗಳು ಹುಟ್ಟಿವೆ.

ಬಯಲುಸೀಮೆಯತ್ತ ಬಂದರೆ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿ ಪ್ಲೇಗು ಇನ್ನೊಂದು ರೀತಿಯಲ್ಲಿ ಬರುತ್ತದೆ. ಇಲಿ ಬಿದ್ದ ಸುದ್ದಿ ಹಬ್ಬುತ್ತಲೇ ಊರಿಗೆ ಊರೇ ಮನೆ ಖಾಲಿ ಮಾಡಿ ಹೊರಗೆ ಬಯಲಿನಲ್ಲಿ ಶೆಡ್ಡು ಹಾಕಿಕೊಂಡು ಇರುವುದು ಆ ಕಾಲದ ಹಳೆಮೈಸೂರಿನ ರೂಢಿ. ಬಯಲಿದ್ದ ಕಡೆ ಮಾತ್ರ ಸಾಧ್ಯವಾಗುವ ಬದುಕು ಅದು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಭೈರಪ್ಪನವರು ಪ್ಲೇಗಿನ ಸಾವುಗಳನ್ನು ಬಾಲ್ಯದಲ್ಲಿ ತಮ್ಮ ಮನೆಯೊಳಗೇ ಕಂಡವರು. ಕಾದಂಬರಿ ಪ್ರಕಟವಾದ 1970ರ ಹೊತ್ತಿಗೆ ಅವರು ಊರು ಬಿಟ್ಟು ಬಹಳ ಕಾಲವಾಗಿ, ಹುಬ್ಬಳ್ಳಿ, ಗುಜರಾತ್, ದೆಹಲಿಗಳನ್ನು ಕಂಡಿದ್ದರು. ಕಾದಂಬರಿಯ ನಾಯಕಿ ನಂಜಮ್ಮ ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುವ ವಿವರ, ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯುವ ವಿವರ ದೆಹಲಿಯ ಗ್ರಂಥಾಲಯದಲ್ಲಿ ಸಿಗುವಂಥವಲ್ಲ. ಅವು ಬಾಲಕನೊಬ್ಬನ ಕೈಬೆರಳುಗಳಿಗೆ ತಿಳಿದಿದ್ದ ಸಂಗತಿಗಳು.

ಕೈಬೆರಳಿನ ತಿಳಿವಳಿಕೆ ಎಂದದ್ದನ್ನು ಇನ್ನಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಊರು ಲೇಖಕನಿಗೆ ಕಥೆಗಳನ್ನು ಹೇಗೆ ದಾಟಿಸುತ್ತದೆ ಎಂಬುದು ಅಲ್ಲೇ ಇದೆ. ಮಲೆನಾಡಿನ ಅಡಿಕೆ ಸುಗ್ಗಿಯನ್ನು ನೆನೆದುಕೊಳ್ಳಿ. ಕೊನೆಗಾರ ಮರದಿಂದ ಮರಕ್ಕೆ ಜೀಕಿ ಇಳಿಸಿದ ಹಸಿ ಅಡಿಕೆಯನ್ನು ಹೆಚ್ಚು ದಿನ ಹಾಗೇ ಬಿಡುವಂತಿಲ್ಲ. ಸುಲಿಯಬೇಕು, ಅಡಿಕೆಯದೇ ಒಗರು ರಸವಾದ ಚೊಗರಿನಲ್ಲಿ ಬೇಯಿಸಬೇಕು, ಚಪ್ಪರದ ಮೇಲೆ ಹರಡಬೇಕು. ಆದ್ದರಿಂದ ಸುಲಿಯುವ ಕೆಲಸ ರಾತ್ರಿಯವರೆಗೂ ಎಳೆಯುತ್ತದೆ. ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸರು ಒಂದೊಂದೇ ಅಡಿಕೆಯನ್ನು ಅಲುಗಿಗೆ ಒತ್ತಿ ಸಿಪ್ಪೆ ಬಿಡಿಸುತ್ತಾರೆ. ಕೈ ತನ್ನಷ್ಟಕ್ಕೆ ಆಡುತ್ತಿರುವಾಗ ಬಾಯಿಗೆ ಬಿಡುವು. ಹೋದ ವರ್ಷ ಹೊಳೆ ಪಾಲಾದವರು, ಘಟ್ಟದ ಕೆಳಗಿನಿಂದ ಬಂದು ನೆಲೆಸಿದವರು, ಮನೆ ಪಾಲಾದದ್ದು, ಭೂತ ಕಂಡದ್ದು, ಯಾರದೋ ಸೊಸೆ ತವರಿಗೆ ಹೋದವಳು ಮರಳದೆ ಇದ್ದದ್ದು ಎಲ್ಲವೂ ಅಲ್ಲಿ ಬರುತ್ತದೆ. ಸಿಪ್ಪೆಯ ರಾಶಿಯ ಪಕ್ಕದಲ್ಲಿ ನಿದ್ದೆಗಣ್ಣಿನಲ್ಲಿ ಒರಗಿದ ಮಗುವಿಗೆ ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ. ಕೇಳಿಸದ ಆ ಅರ್ಧವನ್ನು ತುಂಬಿಕೊಳ್ಳುವ ಆಸೆಯೇ ಮುಂದೆ ಕಲ್ಪನೆಯಾಗಿ ಬೆಳೆಯುತ್ತದೆ. ಬೇರೆ ಬೇರೆ ಸೀಮೆಗಳಲ್ಲಿ ಈ ಜಾಗ ಬೇರೆ: ಕರಾವಳಿಯಲ್ಲಿ ಯಕ್ಷಗಾನದ ಬಯಲು, ಬಡಗಣ ಸೀಮೆಯಲ್ಲಿ ಕಟ್ಟೆ, ಹಳೆಮೈಸೂರಿನಲ್ಲಿ ಅರಳಿಮರದಡಿ. ಹೇಳುವ ದನಿ ಮಾತ್ರ ಕಾದಂಬರಿಯ ವಾಕ್ಯದ ಲಯಕ್ಕೆ ಬಂದೇ ಬರುತ್ತದೆ.

ಮಾತಿನ ವಿಷಯಕ್ಕೆ ಬಂದರೆ, ಊರೊಂದರ ಶಬ್ದಕೋಶವೇ ಅದರ ಭೂಪಟ. ಬಯಲುಸೀಮೆಯವರಿಗೆ ಕಾಡು ಎಂಬ ಒಂದು ಪದ ಸಾಕು. ಮಲೆನಾಡಿನವರು ದಟ್ಟವಾದ ನಿತ್ಯಹಸುರಿನ ಕಾಡನ್ನು ಕಾನು ಎನ್ನುತ್ತಾರೆ. ಮರ ವಿರಳವಾಗಿ ಪೊದೆ ಬೆಳೆದ, ದನ ಮೇಯುವ ಜಾಗ ಹಕ್ಕಲು. ಹುಲ್ಲಿಗೆಂದು ಇಟ್ಟುಕೊಂಡದ್ದು ಬ್ಯಾಣ. ತೋಟಕ್ಕೆ ಸೊಪ್ಪು ತರುವುದು ಸೊಪ್ಪಿನಬೆಟ್ಟ. ಒಬ್ಬ ಹುಡುಗ ಹಕ್ಕಲಿಗೆ ಹೋದ ಎಂದು ಬರೆದರೆ ದನ ಕಾಯಲು ಹೋಗಿದ್ದಾನೆಂದು ಆ ಸೀಮೆಯ ಓದುಗರಿಗೆ ಗೊತ್ತು. ಕಾನಿಗೆ ಹೋದ ಎಂದರೆ ಮನೆಯವರು ಸ್ವಲ್ಪ ಹೆದರಬೇಕು. ಒಂದು ನಾಮಪದದೊಳಗೆ ಕೆಲಸ, ಹೊತ್ತು, ಅಪಾಯ ಮೂರೂ ಇರುವಾಗ ಲೇಖಕ ವಿವರಣೆ ಕೊಡುವ ಅಗತ್ಯವೇ ಬೀಳುವುದಿಲ್ಲ. ದೇವನೂರ ಮಹಾದೇವ ಅವರು 1984ರ ‘ಕುಸುಮಬಾಲೆ’ಯಲ್ಲಿ ಈ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋದರು. ಪಾತ್ರಗಳ ಸಂಭಾಷಣೆಯಲ್ಲಿ ಮಾತ್ರ ಆಡುನುಡಿ ಇಟ್ಟು ನಿರೂಪಣೆಯನ್ನು ಶಿಷ್ಟ ಕನ್ನಡದಲ್ಲಿ ನಡೆಸುವುದು ಅದುವರೆಗಿನ ಸಾಮಾನ್ಯ ಪದ್ಧತಿಯಾಗಿತ್ತು. ಅವರು ನಿರೂಪಕನನ್ನೂ ನಂಜನಗೂಡು ಸೀಮೆಯ ನುಡಿಯಲ್ಲೇ ಮಾತಾಡಿಸಿದರು. ಮೊದಲ ಪುಟಗಳಲ್ಲಿ ತಡವರಿಸಿದ ಓದುಗರು ಅನೇಕರು. ಆ ನುಡಿಯನ್ನು ತೆಗೆದು ಶಿಷ್ಟ ಕನ್ನಡಕ್ಕೆ ತಿದ್ದಿದರೆ ಕಾದಂಬರಿಯೇ ಉಳಿಯುವುದಿಲ್ಲವೆಂಬುದು ನಾಲ್ಕು ಪುಟ ದಾಟಿದವರಿಗೆಲ್ಲ ಅರಿವಾಗುತ್ತದೆ.

ಇನ್ನು ದೂರದ ಪ್ರಶ್ನೆ. ಊರಿನಲ್ಲೇ ಇದ್ದು ಬರೆಯುವುದಕ್ಕೂ ಊರು ಬಿಟ್ಟು ಬರೆಯುವುದಕ್ಕೂ ಏನು ವ್ಯತ್ಯಾಸ? ಶಿವರಾಮ ಕಾರಂತರು ಹುಟ್ಟಿದ್ದು 1902ರಲ್ಲಿ, ಕೋಟದಲ್ಲಿ. ಬಾಳಿನ ದಶಕಗಳನ್ನು ಕಳೆದದ್ದು ಪುತ್ತೂರಿನಲ್ಲಿ. ಕೋಟ ಕಡಲಂಚಿನ ಬಯಲು. ಪುತ್ತೂರು ಘಟ್ಟದ ಕಡೆಗೆ ಸರಿದ ಗುಡ್ಡ, ತೋಟಗಳ ನಾಡು. ಅವರ ಎರಡು ಕಾದಂಬರಿಗಳು ಈ ಎರಡು ನೆಲಗಳಿಗೆ ಒಂದೊಂದರಂತೆ ಸಲ್ಲುತ್ತವೆ. 1941ರ ‘ಮರಳಿ ಮಣ್ಣಿಗೆ’ ಕೋಟದ ಮಗ್ಗುಲಿನ ಕೋಡಿಯ ಕಥೆ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಮರಳಿನ ಪಟ್ಟಿ. ಅಂಥ ನೆಲದಲ್ಲಿ ಬೆಳೆ ತೆಗೆಯುವುದೆಂದರೆ ಬೆನ್ನು ಬಾಗಿಸುವ ದುಡಿಮೆ, ಅದೂ ಹೆಚ್ಚಿನದು ಹೆಂಗಸರ ಪಾಲಿನದು. ಮೂರು ತಲೆಮಾರುಗಳ ಆ ಕಥೆಯಲ್ಲಿ ಗಂಡಸರು ಹೊರಗೆ ಹೋಗಿ ಬಂದು ಮಾಡುತ್ತಿರುವಾಗ ಪಾರೋತಿ, ಸರಸೋತಿ, ನಾಗವೇಣಿಯರು ನೆಲವನ್ನು ಹಿಡಿದು ನಿಲ್ಲುತ್ತಾರೆ. ಎರಡು ವರ್ಷಗಳ ನಂತರ ಬಂದ ‘ಬೆಟ್ಟದ ಜೀವ’ ಸುಬ್ರಹ್ಮಣ್ಯದ ಕಡೆಯ ದಟ್ಟ ಕಾಡಿನದು. ದಾರಿ ತಪ್ಪಿದ ಪಯಣಿಗನೊಬ್ಬ ಗೋಪಾಲಯ್ಯನವರ ಮನೆ ಸೇರುತ್ತಾನೆ. ಕಾಡು ಕಡಿದು ತೋಟ ಎಬ್ಬಿಸಿದ ಮುದುಕ, ಊರು ಬಿಟ್ಟು ಹೋದ ಮಗನಿಗಾಗಿ ಕಾಯುವ ಶಂಕರಮ್ಮ. ಬಾಲ್ಯದ ನೆಲದ ಕಥೆ ಮೂರು ತಲೆಮಾರುಗಳಷ್ಟು ಉದ್ದವಾಗಿದೆ, ನಡುವಯಸ್ಸಿನಲ್ಲಿ ಅಲೆದು ಕಂಡ ನೆಲದ ಕಥೆ ಅತಿಥಿಯೊಬ್ಬನ ಕೆಲವೇ ದಿನಗಳ ವಾಸ್ತವ್ಯದಷ್ಟು ಚಿಕ್ಕದಾಗಿದೆ. ಲೇಖಕ ಒಂದು ನೆಲದಲ್ಲಿ ತಾನು ಯಾರಾಗಿದ್ದೆನೋ ಆ ಸ್ಥಾನದಿಂದಲೇ ಅದರ ಕಥೆಯನ್ನು ಹೇಳಿದ್ದಾನೆ: ಅಲ್ಲಿ ಮನೆಮಗ, ಇಲ್ಲಿ ದಾರಿಹೋಕ. ಕಾರಂತರ ಪ್ರಾಮಾಣಿಕತೆ ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ.

ಯಶವಂತ ಚಿತ್ತಾಲರಲ್ಲಿ ಈ ಎರಡು ಊರುಗಳ ಎಳೆತ ಇನ್ನೂ ತೀಕ್ಷ್ಣ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದ ಅವರು ರಾಸಾಯನಿಕ ಉದ್ಯಮದ ತಂತ್ರಜ್ಞರಾಗಿ ಮುಂಬೈಯಲ್ಲಿ ಬದುಕು ಕಳೆದರು. ಹನೇಹಳ್ಳಿ ಅವರ ಕಥೆಗಳಿಗೆ ಮತ್ತೆ ಮತ್ತೆ ಬಂದಿತು. 1979ರ ‘ಶಿಕಾರಿ’ಯಲ್ಲಿ ಮುಂಬೈ ಮುಂದೆ ನಿಂತಿತು. ಅದರ ನಾಗಪ್ಪ ದೊಡ್ಡ ಕಂಪನಿಯ ಅಧಿಕಾರಿ. ಇದ್ದಕ್ಕಿದ್ದಂತೆ ಕೆಲಸದಿಂದ ಅಮಾನತಾಗುತ್ತಾನೆ, ತನ್ನ ಮೇಲೆ ಬಂದಿರುವ ಆರೋಪವೇನು, ಅದನ್ನು ಹೊರಿಸಿದವರು ಯಾರು ಎಂಬುದು ಅವನಿಗೆ ತಿಳಿಯದು. ಅಗ್ರಹಾರದ ಬೀದಿಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿರುವುದು ಸಂಕಟವಾಗಿತ್ತು. ಮಹಾನಗರದಲ್ಲಿ ಯಾರಿಗೂ ಯಾರೂ ಗೊತ್ತಿಲ್ಲದಿರುವುದೇ ಭಯವಾಗಿದೆ. ಪತ್ರ, ಫೋನು, ಕಚೇರಿಯ ಪಿಸುಮಾತುಗಳ ಮೂಲಕ ಬಂದು ತಲುಪುವ ಸುದ್ದಿಗೆ ಮುಖವಿಲ್ಲ. ಆದರೆ ನಾಗಪ್ಪನನ್ನು ಬೇಟೆಯಾಡುತ್ತಿರುವುದರ ಬೇರುಗಳು ಅವನ ಹಳೆಯ ಬದುಕಿನವರೆಗೂ ಹೋಗುತ್ತವೆ. ಮುಂಬೈಗೆ ಬಂದ ಕನ್ನಡಿಗ ಊರಿನ ನೆನಪನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಹೊಸಬನಾಗಲಾರ ಎಂಬುದನ್ನು ಚಿತ್ತಾಲರಷ್ಟು ಆಳವಾಗಿ ಕಂಡವರು ಕಡಿಮೆ.

ಇವರೆಲ್ಲರಿಗೂ ಎದುರಾಗಿ ನಿಲ್ಲುವವರು ಪೂರ್ಣಚಂದ್ರ ತೇಜಸ್ವಿ. ಕುವೆಂಪು ಅವರ ಮಗ, ಮೈಸೂರಿನಲ್ಲಿ ಓದಿದವರು, ನಗರದ ಕೆಲಸ ಹುಡುಕದೆ ಮೂಡಿಗೆರೆಯ ಕಡೆ ಹೋಗಿ ಕಾಫಿ ತೋಟ ಮಾಡಿಕೊಂಡರು. 2007ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ತಂದೆ ದೂರ ಕುಳಿತು ಮಲೆನಾಡನ್ನು ನೆನೆದರೆ ಮಗ ಮಲೆನಾಡಿನ ಮಧ್ಯೆ ನಿಂತು ಅದನ್ನು ನೋಡಿದರು. ವ್ಯತ್ಯಾಸ ಪುಟಪುಟದಲ್ಲೂ ಕಾಣುತ್ತದೆ. ‘ಕರ್ವಾಲೊ’ದ ನಿರೂಪಕನಿಗೆ ಬೇಸಾಯದ ತಾಪತ್ರಯಗಳಿವೆ. ಅವನಿಗೆ ಮಂದಣ್ಣನ ಪರಿಚಯವಾಗುವುದು ಜೇನಿನ ಮೂಲಕ. ಆ ಮಂದಣ್ಣನೇ ಮುಂದೆ ವಿಜ್ಞಾನಿ ಕರ್ವಾಲೊ ಜೊತೆ ಅವನನ್ನು ಹಾರುವ ಓತಿಯ ಹುಡುಕಾಟಕ್ಕೆ ಕಾಡಿನೊಳಗೆ ಕರೆದೊಯ್ಯುತ್ತಾನೆ. ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’ಗಳಲ್ಲಿ ಏಲಕ್ಕಿಯ ವ್ಯಾಪಾರ, ಕಳ್ಳಸಾಗಣೆ, ಮರ ಕಡಿಯುವವರ ಜಾಲ ಇದೆ. ಇಲ್ಲಿ ನೆನಪಿನ ಮಂಜು ಇಲ್ಲ. ಇಂದು ಬೆಳಗ್ಗೆ ಪೇಟೆಯಲ್ಲಿ ನಡೆದದ್ದರ ಬಿಸಿ ಇದೆ. ಊರು ಬಿಟ್ಟವರಿಗೆ ಊರು ಒಂದು ಕಾಲದಲ್ಲಿ ನಿಂತುಬಿಡುತ್ತದೆ, ಆದ್ದರಿಂದಲೇ ಅದು ಪೂರ್ತಿಯಾಗಿ ಕಾಣುತ್ತದೆ. ಊರಿನಲ್ಲೇ ಇದ್ದವರ ಕಣ್ಣ ಮುಂದೆ ಅದು ದಿನವೂ ಬದಲಾಗುತ್ತಿರುತ್ತದೆ, ಪೂರ್ತಿ ಚಿತ್ರ ಕೈಗೆ ಸಿಗುವುದಿಲ್ಲ. ಅದಕ್ಕೇ ಇರಬೇಕು ತೇಜಸ್ವಿಯವರ ಕಾದಂಬರಿಗಳು ಹುಡುಕಾಟ, ನಿಗೂಢ, ಪತ್ತೇದಾರಿಯ ಆಕಾರಗಳನ್ನು ಒಪ್ಪಿಕೊಂಡದ್ದು. ಯಾವುದು ಮೇಲು ಎಂದು ಕೇಳುವುದು ಸರಿಯಲ್ಲ. ಆದರೂ ನಮ್ಮ ಇಂದಿನ ಕಾಡು, ನೆಲಗಳ ಸ್ಥಿತಿಯನ್ನು ಅರಿಯಲು ನಾನು ತೆಗೆದುಕೊಳ್ಳುವುದು ಮಗನ ಪುಸ್ತಕವನ್ನು.

ಒಂದು ಮಾತು ಉಳಿದಿದೆ. ಇಷ್ಟೆಲ್ಲ ನಿಜವಾದ ನೆಲದಿಂದ ಎತ್ತಿಕೊಂಡ ಕಾದಂಬರಿಕಾರರು ಊರಿನ ಹೆಸರನ್ನು ಮಾತ್ರ ಏಕೆ ಬದಲಿಸುತ್ತಾರೆ? ಆರ್. ಕೆ. ನಾರಾಯಣ್ ಬಹುಕಾಲ ಮೈಸೂರಿನಲ್ಲಿದ್ದರು, ಆದರೆ 1935ರಿಂದ ಮುಂದೆ ಅವರು ಕಟ್ಟುತ್ತ ಹೋದ ಊರು ಮಾಲ್ಗುಡಿ; ಭೈರಪ್ಪನವರದು ರಾಮಸಂದ್ರ; ತೇಜಸ್ವಿಯವರದು ಕೆಸರೂರು. ನಿಜವಾದ ಹೆಸರಿಟ್ಟರೆ ನಿಜವಾದ ಊರಿನವರು ಲೆಕ್ಕ ಕೇಳುತ್ತಾರೆಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು, ಕಾದಂಬರಿಯ ಊರು ಎಂದೂ ಒಂದೇ ಊರಾಗಿರುವುದಿಲ್ಲ ಎಂಬುದು. ಒಂದೂರಿನ ಬೀದಿ, ಇನ್ನೊಂದೂರಿನ ಕೆರೆ, ಮೂರನೆಯದರ ಜಗಳ ಸೇರಿ ಅದು ಆಗುತ್ತದೆ. ಅದರ ಗಡಿಗಳನ್ನು ಬೇಕಾದಂತೆ ಹಿಗ್ಗಿಸಲು ಲೇಖಕನಿಗೆ ಸ್ವಾತಂತ್ರ್ಯ ಬೇಕು. ಆದರೆ ಕಲ್ಪಿತ ಊರಿನ ಸುತ್ತ ನಿಜವಾದ ಊರುಗಳನ್ನು ಇರಿಸುವುದು ಅಷ್ಟೇ ಸಾಮಾನ್ಯ, ಓದುಗ ನಂಬುವುದು ಆ ನೆರೆಹೊರೆಯಿಂದ.

‘ಸಂಸ್ಕಾರ’ದ ದೂರ್ವಾಸಪುರ ಅಂಥದೊಂದು ಕಲ್ಪಿತ ಅಗ್ರಹಾರ. ಅಲ್ಲಿಂದ ಹೊರಟ, ಆ ಅಗ್ರಹಾರದ ಹಿರಿಯ ವಿದ್ವಾಂಸ ಪ್ರಾಣೇಶಾಚಾರ್ಯರು ಕಾಡುದಾರಿಯಲ್ಲಿ ಜೊತೆಯಾದ ಪುಟ್ಟನ ಬೆನ್ನಿಗೆ ಹೋಗಿ ಸೇರುವುದು ಮೇಳಿಗೆಯ ರಥೋತ್ಸವವನ್ನು. ಮೇಳಿಗೆ ಕಲ್ಪಿತವಲ್ಲ; ಅನಂತಮೂರ್ತಿಯವರು 1932ರಲ್ಲಿ ಹುಟ್ಟಿದ ಊರು. ಜನಜಂಗುಳಿಯ ನಡುವೆ ಆಚಾರ್ಯರು ಯಾರಾದರೂ ತಮ್ಮನ್ನು ಗುರುತು ಹಿಡಿದುಬಿಟ್ಟಾರೆಂಬ ಭಯದಲ್ಲಿ ಓಡಾಡುತ್ತಾರೆ. ತೇರಿನ ಬೀದಿಯ ಒಂದೊಂದು ಮುಖವನ್ನೂ ಬಲ್ಲವನೊಬ್ಬ, ತನ್ನನ್ನು ಯಾರೂ ಗುರುತು ಹಿಡಿಯದ ಬರ್ಮಿಂಗ್‌ಹ್ಯಾಮಿನಲ್ಲಿ ಕುಳಿತು ಆ ಪುಟಗಳನ್ನು ಬರೆಯುತ್ತಿದ್ದ.